ಎಂಜಿನ್ ಏಳದ ದಿನ ಮಲ್ಲಟದ ಮುದುಕಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಮನುಷ್ಯರ ಮೇಲೆ ಬಂದ ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತದೆ, ಏಕೆಂದರೆ ನಾನೊಂದು ಅಂದರೆ ಅವರೊಂದು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಂತ್ರದ ಮೇಲೆ ಬಂದದ್ದು ಇಳಿಯುವುದಿಲ್ಲ. ಅದು ತಿರುಗಿ ಬೈಯುವುದಿಲ್ಲ, ಕಾರಣ ಹೇಳುವುದಿಲ್ಲ, ಹೇಳಿದರೂ ಬೇಡದ ಸಾಲುಗಳ ರಾಶಿಯಲ್ಲಿ ಒಂದನ್ನು ಬಚ್ಚಿಟ್ಟು ಹೇಳುತ್ತದೆ. ಆ ಬೆಳಿಗ್ಗೆ ನನಗೆ ಬಂದದ್ದು ಈ ಎರಡನೇ ಜಾತಿಯ ಸಿಟ್ಟು.

ರಾಯಚೂರಿನ ಒಂದು ಸಣ್ಣ ಟ್ರಸ್ಟಿನ ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರು ನೋಡಿಕೊಳ್ಳುವವಳು ನಾನು. ನಮ್ಮ ವ್ಯಾನು ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಹೋಗಿ, ಪೊರೆ ಬಂದ ಕಣ್ಣುಗಳನ್ನು ಅಳೆದುಕೊಂಡು ಬರುತ್ತದೆ. ಯಾರ ಯಾವ ಕಣ್ಣಿಗೆ ಎಷ್ಟು ಪವರಿನ ಲೆನ್ಸು ಎಂಬುದು ಆ ಅಳತೆಯಿಂದಲೇ ಗೊತ್ತಾಗಬೇಕು. ಅದನ್ನೆಲ್ಲ ಲೆಕ್ಕ ಹಾಕಿ, ರೋಗಿಯ ಫೋಟೋದ ಪಕ್ಕದಲ್ಲಿ ಎಡಗಣ್ಣೋ ಬಲಗಣ್ಣೋ ಎಂದು ತೋರಿಸುವ ತಂತ್ರಾಂಶವನ್ನು ನಾನೇ ಬರೆದದ್ದು. ಅದು ಓಡುವುದು ಜಾವಾ ಸರ್ವ್ಲೆಟ್ ಎಂಜಿನ್ ಎಂಬುದರ ಮೇಲೆ. ಹೆಸರು ದೊಡ್ಡದು, ಕೆಲಸ ಮಾತ್ರ ಅಡುಗೆಮನೆಯದು: ಹೊರಗಿನ ಪಡಸಾಲೆಯಲ್ಲಿ ಕೂತವರು ಪರದೆಯ ಮೇಲೆ ಏನು ಕೇಳುತ್ತಾರೋ ಅದನ್ನು ಒಳಗಿನಿಂದ ಬಡಿಸುವುದು. ನಾವೆಲ್ಲ ಅದಕ್ಕೆ ಬರೀ ಎಂಜಿನ್ ಅನ್ನುತ್ತೇವೆ. ಅದು ಎದ್ದರೆ ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆಯ ಪರದೆಗಳು ತೆರೆಯುತ್ತವೆ. ಏಳದಿದ್ದರೆ ಮೂರೂ ಊರಿನಿಂದ ನನಗೆ ಫೋನು ಬರುತ್ತದೆ.

ಹಿಂದಿನ ದಿನ ಎಂಜಿನ್ ಅನ್ನು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ದಾಟಿಸಿದ್ದೆ. ಹಳೆಯದನ್ನು ದೇವದುರ್ಗದ ನಮ್ಮ ಉಪಕೇಂದ್ರಕ್ಕೆ ಕಳಿಸಿ ಆಗಿತ್ತು. ಹೊಸದರಲ್ಲಿ ಎಂಜಿನ್ ಎದ್ದಿತು, ಓಡಿತು, ಮೂರೂ ಕಡೆ ಪರದೆ ತೆರೆಯಿತು. ಇನ್ನು ನಾನು ಕೈ ಒರೆಸಿಕೊಂಡು ಮನೆಗೆ ಹೋಗಬಹುದು ಅಂದುಕೊಂಡೆ. ಆದರೆ ನಮ್ಮ ಕಾರ್ಯದರ್ಶಿಗಳು ಬಿಡಬೇಕಲ್ಲ. ಹೊಸ ಯಂತ್ರಕ್ಕೆ ಪೂಜೆ ಆಗದೆ ಕೆಲಸಕ್ಕೆ ಹಚ್ಚುವುದು ಅವರ ಶಾಸ್ತ್ರದಲ್ಲಿಲ್ಲ.

ಕಾರ್ಯದರ್ಶಿಗಳು ಮಾನ್ವಿಯ ವೈಷ್ಣವ ಮನೆತನದವರು. ಅವರ ಮನೆಯಲ್ಲಿ ದೇವಸ್ಥಾನದ ಸೇವೆ ತಲೆತಲಾಂತರದಿಂದ ಬಂದದ್ದು. ಇವರು ಮಾಸ್ತರಿಕೆ ಮಾಡಿ ನಿವೃತ್ತರಾಗಿ, ಸಂಬಳವಿಲ್ಲದ ಈ ಕೆಲಸವನ್ನು ತಲೆಗೆ ಕಟ್ಟಿಕೊಂಡವರು. ಕಚ್ಚೆ ಪಂಚೆ, ಹಣೆಯ ನಡುವೆ ಅಂಗಾರದ ಕಪ್ಪು ಗೆರೆ, ಕೆಳಗೆ ಅಕ್ಷತೆಯ ಕೆಂಪು ಬೊಟ್ಟು. ಶಿಬಿರದ ಕರಪತ್ರವನ್ನು ತಾವೇ ಕಂಪ್ಯೂಟರಿನಲ್ಲಿ ಕನ್ನಡ ಹೊಡೆದು ತಯಾರಿಸುತ್ತಾರೆ. ಕೆಲಸದಲ್ಲಿ ನನ್ನ ತಲೆ ತಿನ್ನುತ್ತಾರೆ ನಿಜ, ಆದರೆ ರೋಗಿಗಳ ಬಗ್ಗೆ ಅವರಿಗಿರುವ ಕಾಳಜಿ ನನಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಅವತ್ತು ಸಂಜೆ ಊದುಬತ್ತಿ, ಕುಂಕುಮ, ತೆಂಗಿನಕಾಯಿ ಹಿಡಿದು ಬಂದರು. ಪರದೆಯ ಮೇಲೆ ತೆರೆದಿದ್ದ ಕಡತ ತೋರಿಸಿ, ಇದೇನು ಎಂದು ಕೇಳಿದರು.

"ಇದು ಎಂಜಿನ್ನಿನ ಸಂರಚನೆಯ ಕಡತರೀ. ಎದ್ದ ಕೂಡಲೆ ಮೊದಲು ಓದೋದು ಇದನ್ನ. ಇದರಾಗ ಹೇಳಿದಂಗ ಮುಂದಿನ ಕೆಲಸ."

"ಹಂಗಾರ ಇದೇ ಮೊದಲ ಪುಟ ಅನ್ನು" ಅಂದರು. ನಾನು ಹೂಂ ಅಂದು, ಪೂಜೆ ಮುಗಿದ ಮೇಲೆ ಬಂದ್ ಮಾಡಿರಿ ಎಂದು ಹೇಳಿ ಮನೆಗೆ ಹೊರಟೆ.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆಯ ದಿನ. ಆಗಾಗ ಬಂದು ಹೋಗುವ ಡಾಕ್ಟರು ಹೈದರಾಬಾದಿನಿಂದ ಬಂದು ಇಳಿದಿದ್ದರು, ಮಧ್ಯಾಹ್ನದ ರೈಲಿಗೆ ವಾಪಸು. ಏಳೆಂಟು ಮಂದಿ ಕಣ್ಣಿಗೆ ಹನಿ ಹಾಕಿಸಿಕೊಂಡು, ಹಣೆಯ ಮೇಲೆ ಹೆಸರು ಬರೆದ ಪಟ್ಟಿ ಅಂಟಿಸಿಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ನಾನು ಕಂಪ್ಯೂಟರ್ ಶುರು ಮಾಡಿ ಎಂಜಿನ್ ಎಬ್ಬಿಸಲು ಹೋದೆ. ಒಂದು ಕಪ್ಪು ಕಿಟಕಿ ತೆರೆದುಕೊಂಡಿತು, ಕಣ್ಣು ಮಿಟುಕಿಸುವುದರಲ್ಲಿ ಮುಚ್ಚಿಕೊಂಡಿತು. ಮತ್ತೆ ಎಬ್ಬಿಸಿದೆ. ಮತ್ತೆ ಅದೇ.

ಬೆಂಚಿನ ತುದಿಯಲ್ಲಿ, ನನ್ನ ಕೋಣೆಯ ಬಾಗಿಲಿಗೆ ಹತ್ತಿರವಾಗಿ ಕೂತಿದ್ದವಳು ಮಲ್ಲಟದ ಮುದುಕಿ. ಮಲ್ಲಟ ಮಾನ್ವಿ ಕಡೆಯ ಊರು. ಆಕೆಯ ಒಂದು ಕಣ್ಣು ಎಷ್ಟೋ ವರ್ಷದ ಹಿಂದೆ ಹತ್ತಿಕಟ್ಟಿಗೆ ಚುಚ್ಚಿ ಹೋಗಿತ್ತು. ಉಳಿದ ಇನ್ನೊಂದರ ಮೇಲೆ ಈಗ ಪೊರೆ ಹಾಲಿನ ಕೆನೆಯಷ್ಟು ದಪ್ಪ ಕೂತಿತ್ತು. ಮೊದಲ ಸಲ ಬಂದಾಗ ಬಿ.ಪಿ. ಹೆಚ್ಚಿದೆ ಎಂದು ವಾಪಸು ಕಳಿಸಿದ್ದರು, ಎರಡನೇ ಸಲ ಡಾಕ್ಟರೇ ಬರಲಿಲ್ಲ. ಕೌದಿ ಹೊಲಿಯುವವಳು ಆಕೆ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಗೆರೆ ಎಳೆದಂತೆ ಹೊಲಿಗೆ ಹಾಕಿ, ಸುತ್ತಲ ಊರವರಿಗೆಲ್ಲ ಹೊದೆಯಲು ಕೊಟ್ಟವಳು.

"ಈಗ ಹೊಲಿಗಿ ಸೊಟ್ಟ ಹೊಂಟಾವ ಬೇ" ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. "ಬೊಟ್ಟಾಡಿಸಿದ್ರ ಗೊತ್ತಾಗ್ತದ, ಕಣ್ಣಿಗಿ ಮಾತ್ರ ಕಾಣವಲ್ದು. ಇದೊಂದು ಸಲ ನೋಡ್ತೀನಿ. ಇವತ್ತೂ ಆಗಲಿಲ್ಲಂದ್ರ ಮತ್ತ ಈ ಕಡಿ ತಲಿ ಹಾಕಿ ಮಲಗಂಗಿಲ್ಲ."

ನನಗೆ ಎಲ್ಲವೂ ಕೇಳಿಸುತ್ತಿತ್ತು. ಕೇಳಿಸದಿದ್ದರೆ ಒಳ್ಳೆಯದಿತ್ತು. ಕೈ ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ.

ಮೊದಲ ಅನುಮಾನ, ಬೇರೆ ಯಾವುದೋ ತಂತ್ರಾಂಶ ಎಂಜಿನ್ನಿನ ಜಾಗ ಹಿಡಿದು ಕೂತಿದೆ ಅಂತ. ಪ್ರತಿ ಎಂಜಿನ್ನಿಗೂ ಪೋರ್ಟ್ ಎಂಬ ಒಂದು ಬಾಗಿಲು ಬೇಕು. ಅದರಲ್ಲಿ ಬೇರೆಯವರು ಅಡ್ಡ ನಿಂತರೆ ಇದು ಒಳಗೇ ಸಾಯುತ್ತದೆ. ನೋಡಿದೆ, ಬಾಗಿಲು ಖಾಲಿ. ಆಮೇಲೆ ಮೆಮರಿ ಸಾಲದೇನೋ ಎಂದು ಹೆಚ್ಚು ಕೊಟ್ಟೆ. ಏಳಲಿಲ್ಲ. ಹೊಸ ಕಂಪ್ಯೂಟರಿನ ಜಾವಾ ಹೊಸ ಆವೃತ್ತಿಯದು, ಅದಕ್ಕೇ ನಮ್ಮ ಹಳೆಯ ಎಂಜಿನ್ ಸರಿಹೊಂದುತ್ತಿಲ್ಲ ಎಂದು ತೀರ್ಮಾನಿಸಿ, ಹಳೆಯ ಜಾವಾ ಹಾಕಿದೆ. ನಿನ್ನೆ ಇದೇ ಹೊಸ ಜಾವಾದ ಮೇಲೆ ಅದು ಕುಣಿದಿತ್ತು ಎಂಬುದನ್ನು ಮರೆತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ.

ಫೋನು ಬಾಯಿ ಮುಚ್ಚುತ್ತಿರಲಿಲ್ಲ. ಮಾನ್ವಿಯಿಂದ ಒಬ್ಬರು, "ಮೇಡಂ, ಇಲ್ಲಿ ಪರದಿ ತೆರಿಯವಲ್ದು" ಅಂದರು. ಗೊತ್ತು ಅಂದೆ. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ, "ಇನ್ನೂ ತೆರಿಯವಲ್ದು" ಅಂದರು. ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು, ಕರೆಂಟು ಬಂತು. ನಾನು ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಬಾಗಿಲಿನ ತನಕ ಹೋಗಿ ಬೆಂಚು ನೋಡಿ ವಾಪಸು ಬಂದೆ. ಹೀಗೆ ಸುಮ್ಮನೆ ಓಡಾಡುವುದರಿಂದ ಏನೂ ಆಗದು ಎಂದು ಗೊತ್ತಿದ್ದೂ ಕಾಲು ನಿಲ್ಲಲಿಲ್ಲ.

ಡಾಕ್ಟರು ಬಾಗಿಲಲ್ಲಿ ತಲೆ ಹಾಕಿದರು. "ಏಮಮ್ಮಾ, ಎಷ್ಟೊತ್ತು?"

ಅಳತೆಯ ಅಂಕಿಗಳನ್ನು ನಾನು ಡೇಟಾಬೇಸಿನೊಳಗೆ ನೇರ ಕೈ ಹಾಕಿ ತೆಗೆದು ಕಾಗದದ ಮೇಲೆ ಬರೆದಿದ್ದೆ. ಅದನ್ನು ತೋರಿಸಿ, ಇದು ನಡೆಯುತ್ತದೆಯೇ ಎಂದು ಕೇಳಿದೆ. ಅವರು ಕೈಗೂ ತೆಗೆದುಕೊಳ್ಳಲಿಲ್ಲ. "ಫೋಟೋ ಇಲ್ಲ, ಲೆಕ್ಕ ಇಲ್ಲ. ನೀ ಅವಸರದಾಗ ಬರಕೊಟ್ಟ ಅಂಕಿ ನೋಡಿ ನಾ ಒಬ್ಬರ ಕಣ್ಣಿಗೆ ಕೈ ಹಾಕಲ್ಲಮ್ಮಾ. ಒಂದೇ ಕಣ್ಣು ಇದ್ದವರೂ ಅದಾರಲ್ಲಿ" ಅಂದರು. ಅವರು ಹೇಳಿದ್ದು ಸರಿ. ಸರಿಯಾದದ್ದನ್ನು ಆ ಹೊತ್ತಿನಲ್ಲಿ ಕೇಳುವುದು ಬಲು ಕಷ್ಟ. ಹೊಸದಾಗಿ ಅಳೆಯೋಣವೆಂದರೆ ಅಳೆಯುವ ಯಂತ್ರ ವ್ಯಾನಿನ ಸಂಗಡ ಗೂಗಲ್ ಎಂಬ ಹಳ್ಳಿಯ ಶಿಬಿರಕ್ಕೆ ಹೋಗಿ, ಕೃಷ್ಣೆಯ ದಂಡೆಯ ಮೇಲೆ ಕೂತಿತ್ತು.

ಆಗ ಕಾರ್ಯದರ್ಶಿಗಳು ಬಂದರು. ನಾನು ತಿರುಗಿ ಕೂಗಿದೆ, "ಯಾರ್ರೀ ಇದನ್ನ ಮುಟ್ಟಿದವರು? ನಾ ಹೋದ ಮ್ಯಾಲೆ ಯಾರು ಏನು ಬದಲು ಮಾಡೀರಿ?"

"ಯಾರೂ ಮುಟ್ಟಿಲ್ಲವಾ" ಅಂದರು. ಮುಖದಲ್ಲಿ ಒಂದಿಷ್ಟೂ ಕಳ್ಳತನವಿಲ್ಲ. "ಪೂಜಿ ಮಾಡಿ, ಆರತಿ ಎತ್ತಿ, ನೀ ಹೇಳಿದಂಗ ಬಂದ್ ಮಾಡಿ ಹೋಗೀನಿ. ನಾನ ಕಡೀಕೆ ಕೀಲಿ ಹಾಕಿದಾಂವ."

ಯಾರೂ ಮುಟ್ಟದಿದ್ದರೆ ನಿನ್ನೆ ಎದ್ದದ್ದು ಇವತ್ತು ಯಾಕೆ ಏಳುವುದಿಲ್ಲ? ಈ ಪ್ರಶ್ನೆಗಿಂತ ಹೆಚ್ಚು ನನ್ನನ್ನು ಸುಟ್ಟ ಪ್ರಶ್ನೆ ಬೇರೊಂದಿಲ್ಲ. ಅವರು ಸುಳ್ಳು ಹೇಳುವವರಲ್ಲ. ಹಾಗಾದರೆ ತಪ್ಪು ನಾನು ದಾಟಿಸಿದ್ದರಲ್ಲೇ ಇರಬೇಕು.

ಕೊನೆಗೆ ಮಾಡಬೇಕಾದ ಕೆಲಸ ಮಾಡಿದೆ. ಲಾಗ್ ಎಂದರೆ ಎಂಜಿನ್ ತಾನು ಮಾಡಿದ್ದನ್ನೆಲ್ಲ ತಾನೇ ಬರೆದಿಡುವ ಕಡತ. ಅದರ ಕೊನೆಯನ್ನಷ್ಟೇ ಇಷ್ಟು ಹೊತ್ತು ನೋಡಿದ್ದೆ. ಅಲ್ಲಿ 'ಶುರು ಮಾಡಲಾಗದು' ಎಂಬ ಅರ್ಥದ ಮಾತಷ್ಟೇ ಇತ್ತು. ಈಗ ಮೇಲಿನಿಂದ ಓದಿದೆ. ಸಂರಚನೆಯ ಕಡತವನ್ನು ಓದಲಾಗಲಿಲ್ಲ, ಅದರ ಆರಂಭಕ್ಕೆ ಮುಂಚೆ ಏನೂ ಇರಕೂಡದು, ಒಂದನೇ ಸಾಲು, ಒಂದನೇ ಅಕ್ಷರ ಎಂದು ಎಂಜಿನ್ ಸಾಫಾಗಿ ಬರೆದಿತ್ತು.

ಈ ರೋಗ ನನಗೆ ಗೊತ್ತಿತ್ತು. ಕೆಲವು ಬರವಣಿಗೆಯ ತಂತ್ರಾಂಶಗಳು ಕಡತ ಉಳಿಸುವಾಗ ಮೊದಲಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸಿಬಿಡುತ್ತವೆ. ಎಂಜಿನ್ ಅದನ್ನು ನೋಡಿ ಮುನಿಸಿಕೊಳ್ಳುತ್ತದೆ. ಕಡತ ತೆರೆದು ಆ ಕಾಣದ ಗುರುತಿಗಾಗಿ ಹುಡುಕಾಡಿದೆ. ಹಾಗೆ ಉಳಿಸಿದೆ, ಹೀಗೆ ಉಳಿಸಿದೆ, ಬೇರೆ ತಂತ್ರಾಂಶದಲ್ಲಿ ಉಳಿಸಿದೆ. ಏಳಲಿಲ್ಲ. ಕಂಪ್ಯೂಟರ್ ಮುಚ್ಚುವಾಗ ತಾನಾಗಿಯೇ ಒಂದು ಪ್ರತಿ ಎತ್ತಿಡುವಂತೆ ನಾನೇ ಏರ್ಪಾಟು ಮಾಡಿದ್ದೆ, ಆ ಪ್ರತಿಯನ್ನು ತಂದು ಹಾಕಿದೆ. ಅದೂ ಏಳಲಿಲ್ಲ. ಕಡತವನ್ನು ಮೇಲಿಂದ ಕೆಳಗೆ ಓದಿದೆ, ಒಂದು ಚುಕ್ಕಿಯೂ ತಪ್ಪಿರಲಿಲ್ಲ. ಹೊರಗೆ ಡಾಕ್ಟರು ಸ್ಟೇಷನ್ನಿಗೆ ಆಟೋ ಹೇಳಿರಿ ಎಂದು ಯಾರಿಗೋ ಅನ್ನುತ್ತಿದ್ದರು.

"ಯವ್ವಾ" ಎಂದು ಮುದುಕಿ ಬಾಗಿಲಿನಾಚೆಯಿಂದ ಕೂಗಿದಳು. "ನಿನ್ನ ಮಿಷನ್ ಎದ್ತೇನು?"

"ಇನ್ನೂ ಇಲ್ಲವ್ವಾ."

"ಮಾಡಾಕತ್ತೀಯಿಲ್ಲ ಮತ್ತ?"

"ಮಾಡಾಕತ್ತೀನವ್ವಾ, ಸುಮ್ಮ ಕೂಡು" ಎಂದು ಗದರಿದೆ.

ಆಗ ದೇವದುರ್ಗಕ್ಕೆ ಕಳಿಸಿದ ಹಳೆಯ ಕಂಪ್ಯೂಟರು ನೆನಪಾಯಿತು. ಅದರ ಹೊಟ್ಟೆಯಲ್ಲಿ ಇದೇ ಕಡತದ ಹಳೆಯ ಪ್ರತಿ ಇನ್ನೂ ಇತ್ತು. ಅಲ್ಲಿಯ ಉಪಕೇಂದ್ರ ನೋಡಿಕೊಳ್ಳುವ ಸಹೋದ್ಯೋಗಿಗೆ ಫೋನು ಮಾಡಿ, ಕೂಡಲೇ ಕಳಿಸು ಅಂದೆ. "ಹೆಂಗ ಕಳಸ್ಲಿರೀ ಮೇಡಂ, ಮುಂಜಾನಿಂದ ನೆಟ್ ಇಲ್ಲ" ಅಂದಳು. ಫೋನಿನ ಮಾತೇ ತುಂಡು ತುಂಡಾಗಿ ಬರುತ್ತಿತ್ತು. ಹಾಗಿದ್ದರೆ ಓದು, ಒಂದೊಂದೇ ಸಾಲು ಓದುತ್ತಾ ಹೋಗು, ನಾನು ಇಲ್ಲಿ ಬೆರಳಿಟ್ಟು ನೋಡುತ್ತೇನೆ ಅಂದೆ.

"ಒಂದನೇ ಸಾಲುರೀ. ಕೊಕ್ಕಿ, ಪ್ರಶ್ನಾರ್ಥಕ, ಎಕ್ಸ್ ಎಂ ಎಲ್, ಆಮ್ಯಾಲೆ ಆವೃತ್ತಿ..."

"ಸರಿ ಅದ. ಎರಡನೇ ಸಾಲು ಮುಗೀತು, ಮುಂದ ಓದು."

"ಎರಡನೇದಲ್ರಿ. ಒಂದನೇದು."

"ನನ್ನ ಹತ್ರ ಇದು ಎರಡನೇದು" ಅಂದೆ. ಅಂದವಳು ಅಲ್ಲೇ ನಿಂತೆ. ಬೆರಳು ಇಟ್ಟಿದ್ದ ಸಾಲಿನ ಎಡಕ್ಕೆ ಎರಡು ಎಂಬ ಅಂಕಿ ಇತ್ತು. ಬೆರಳನ್ನು ಒಂದು ಸಾಲು ಮೇಲೆ ಸರಿಸಿದೆ.

ಸಾಲಿನ ಮೊದಲಿಗೇ, ಅಂದವಾಗಿ, ಕನ್ನಡದಲ್ಲಿ, 'ಶ್ರೀ' ಎಂದಿತ್ತು.

ಆ ಬೆಳಿಗ್ಗೆ ಆ ಕಡತವನ್ನು ಎಷ್ಟು ಸಲ ತೆರೆದಿದ್ದೆನೋ. ಪ್ರತಿ ಸಲವೂ ಅದು ನನ್ನ ಕಣ್ಣೆದುರಿಗೇ ಇತ್ತು. ಆದರೆ ನಮ್ಮ ಮನೆಯಲ್ಲಿ ಶ್ರೀ ಇಲ್ಲದ ಕಾಗದವನ್ನೇ ನಾನು ಕಂಡವಳಲ್ಲ. ಅಪ್ಪ ಕಿರಾಣಿ ಚೀಟಿಯ ತಲೆಗೂ ಶ್ರೀ ಬರೆಯುತ್ತಿದ್ದ, ಆಮೇಲೆ ತೊಗರಿಬೇಳೆ. ಶಾಲೆಯಲ್ಲಿ ಗಣಿತದ ಪರೀಕ್ಷೆಗೆ ಕೂತರೆ ಮೊದಲು ಶ್ರೀ, ಆಮೇಲೆ ತಪ್ಪು ಉತ್ತರ. ಅದನ್ನು ಬರೆಯುತ್ತೇವೆ, ಆದರೆ ಓದುವುದಿಲ್ಲ. ಕಣ್ಣು ಅದರ ಕೆಳಗಿನಿಂದಲೇ ಓದಲು ಶುರು ಮಾಡುತ್ತದೆ. ಕಾಣದ ಗುರುತನ್ನು ಹುಡುಕುತ್ತ ಕೂತಿದ್ದೆ ನಾನು, ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಹಾಗೆ.

ಅಳಿಸಿದೆ. ಎಬ್ಬಿಸಿದೆ. ಕಪ್ಪು ಕಿಟಕಿ ತೆರೆದುಕೊಂಡಿತು, ಮುಚ್ಚಲಿಲ್ಲ. ಸಾಲುಗಳು ಸರಸರ ಇಳಿದವು. ಮಾನ್ವಿಯಿಂದ ಫೋನು ಬಂತು, "ತೆರೀತ್ರಿ ಮೇಡಂ!" ನಾನು ಫೋನು ಇಟ್ಟು ಕಾರ್ಯದರ್ಶಿಗಳನ್ನು ಕೂಗಿ ಕರೆದೆ. ಡಾಕ್ಟರು ಆಟೋದವನನ್ನು ವಾಪಸು ಕಳಿಸಿ ಒಳಗೆ ಹೋದರು.

"ಏನ್ ಬರದೀರಿ ನೀವು ಈ ಕಡತದಾಗ?" ಎಂದು ಕೇಳಿದೆ. ನನ್ನ ದನಿ ಓಣಿಯ ತನಕ ಕೇಳಿಸಿರಬೇಕು.

"ಏನೂ ಬರದಿಲ್ಲವಾ" ಅಂದರು. "ಬರೇ ಶ್ರೀ ಹಾಕೀನಿ. ಮೊದಲ ಪುಟ ಅಂದೀಯಲ್ಲ ನೀ."

ಅವರು ಹೇಳಿದ್ದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಶ್ರೀ ಬರೆಯುವುದು ಬರೆಯುವುದೇ ಅಲ್ಲ, ಬರೆಯಲು ಕೂಡುವ ಮುಂಚೆ ಕಾಲು ತೊಳೆದುಕೊಂಡ ಹಾಗೆ. ನನ್ನ ಲೆಕ್ಕದಲ್ಲಿಯೂ ಅಷ್ಟೇ ಅಲ್ಲವೇ? ಅದಕ್ಕೇ ತಾನೇ ನನಗೂ ಕಾಣಲಿಲ್ಲ. ಎಂಜಿನ್ನಿಗೆ ಮಾತ್ರ ಅದು ಅಕ್ಷರವಾಗಿ ಕಂಡಿತು. ಈ ಶ್ರೀಯಿಂದಾಗಿ ಎಂಜಿನ್ ಏಳಲಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಪಕ್ಕದ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ಇಷ್ಟು ಮಂದಿನ್ನ ನಾ ಕಾಯಿಸಿದೆನೇನು?" ಅಂದರು. ಪಾಪ ಅನ್ನಿಸಿತು. ಸಿಟ್ಟೂ ಹೋಗಲಿಲ್ಲ.

ಅಷ್ಟರಲ್ಲಿ ನರ್ಸ್ ಬಂದು, ಮಲ್ಲಟದ ಮುದುಕಿ ಎಲ್ಲಿ ಎಂದು ಕೇಳಿದಳು. ಬೆಂಚಿನ ತುದಿ ಖಾಲಿ. ಡಾಕ್ಟರು ಆಟೋ ಹೇಳಿರಿ ಅಂದದ್ದನ್ನು ಕೇಳಿಸಿಕೊಂಡು, ಇವತ್ತೂ ಆಗಲಿಲ್ಲ ಬಿಡು ಎಂದು ಎದ್ದು, ಯಾರದೋ ಕೈ ಹಿಡಿದು ಬಸ್ ನಿಲ್ದಾಣಕ್ಕೆ ಹೊರಟುಹೋದಳಂತೆ. ಡಾಕ್ಟರು ಒಳಗಿನಿಂದಲೇ ಹೇಳಿ ಕಳಿಸಿದರು: ಉಳಿದವರದು ಮುಗಿಯುವುದರೊಳಗೆ ಬಂದರೆ ಮಾಡುತ್ತೇನೆ, ಇಲ್ಲದಿದ್ದರೆ ನನ್ನ ರೈಲು ತಪ್ಪುತ್ತದೆ.

ಇಲ್ಲದಿದ್ದರೆ ಏನು ಎಂಬುದು ನನಗೂ ಕಾರ್ಯದರ್ಶಿಗಳಿಗೂ ಗೊತ್ತಿತ್ತು. ಆಕೆ ಮತ್ತೆ ಬರುವವಳಲ್ಲ. ಇರುವ ಒಂದು ಕಣ್ಣೂ ಹೋದಂತೆಯೇ.

ಅವರು ಚಪ್ಪಲಿ ಕೂಡ ಮೆಟ್ಟದೆ ಅಂಗಳಕ್ಕಿಳಿದಿದ್ದರು. ಒಂದೂ ಆಟೋ ಇಲ್ಲ. ನಾನು ಸ್ಕೂಟಿ ತೆಗೆದು "ಕೂಡ್ರಿ" ಅಂದೆ. ಹೆಣ್ಣುಮಗಳ ಹಿಂದೆ ಸ್ಕೂಟಿಯ ಮೇಲೆ ಕೂಡುವುದು ಅವರ ಜನ್ಮದಲ್ಲಿ ಮೊದಲ ಸಲವಿರಬೇಕು. ಎಲ್ಲಿ ಹಿಡಿಯಬೇಕು ಎಂದು ತಿಳಿಯದೆ ಎರಡು ಕೈಯಲ್ಲೂ ತಮ್ಮ ಪಂಚೆಯನ್ನೇ ಹಿಡಿದುಕೊಂಡರು. ಭತ್ತದ ಮೂಟೆ ಹೇರಿಕೊಂಡು ಮಿಲ್ಲಿಗೆ ಹೊರಟ ಲಾರಿಯ ಹಿಂದೆ ಸಿಕ್ಕಿಬಿದ್ದು, ಧೂಳು ಕುಡಿಯುತ್ತ, ಹಾರ್ನ್ ಬಾರಿಸುತ್ತ, ಅಂತೂ ನಿಲ್ದಾಣ ಮುಟ್ಟಿದೆವು. ದಾರಿಯುದ್ದಕ್ಕೂ ಅವರದು ಒಂದೇ ಮಾತು: "ಜಲ್ದಿ ನಡಿಯವಾ, ಜಲ್ದಿ."

ಮಾನ್ವಿಯ ಬಸ್ಸು ಎರಡಿದ್ದವು. ಮೊದಲನೆಯದನ್ನು ಹತ್ತಿ, "ಮಲ್ಲಟದ ಯವ್ವ ಅದಾಳೇನ್ರಿ?" ಎಂದು ಅವರು ಕೂಗಿದರು. "ಯಾವ ಯವ್ವ ಬೇಕ್ರಿ? ಇಲ್ಲಿ ಅರ್ಧಾ ಮಂದಿ ಮಲ್ಲಟದಾವ್ರ ಅದೀವಿ" ಎಂದು ಒಬ್ಬಾಕೆ ನಕ್ಕಳು. ಎರಡನೇ ಬಸ್ಸು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಕಾರ್ಯದರ್ಶಿಗಳು ಅದರ ಹಿಂದೆ ನಿಂತು ಎರಡೂ ಕೈ ಎತ್ತಿದರು. ಕಂಡಕ್ಟರು ಸೀಟಿ ಊದಿ ಬೈದ. ನಾನೂ ಅವನಿಗೆ ಬೈದೆ. ಮುದುಕಿ ಕಿಟಕಿಯ ಪಕ್ಕ ಕೂತಿದ್ದಳು, ಹಣೆಯ ಮೇಲೆ ನಮ್ಮ ಪಟ್ಟಿ ಹಾಗೇ ಇತ್ತು.

"ಇಳಿ ಯವ್ವಾ, ಮಿಷನ್ ಎದ್ದದ" ಅಂದೆ.

"ನಾ ಇಳಿಯಂಗಿಲ್ಲ. ಒಂದ್ಸಲ ರಕ್ತ ಏರ್ಯಾದ ಅಂದ್ರಿ, ಒಂದ್ಸಲ ಡಾಕ್ಟರ್ ಇಲ್ಲಂದ್ರಿ, ಇವತ್ತು ಮಿಷನ್ ಮಲಗ್ಯಾದ ಅಂದ್ರಿ. ನನ್ನ ಕಣ್ಣಿನ ಮ್ಯಾಲೆ ನಿಮಗೇನು ಹಗಿ ಅದ?"

ನಾನು ಏನೋ ಹೇಳಹೋದೆ. ಕಾರ್ಯದರ್ಶಿಗಳು ನನ್ನನ್ನು ಸರಿಸಿ ಆಕೆಯ ಸೀಟಿನ ಹತ್ತಿರ ಹೋದರು. ಬಸ್ಸಿನಲ್ಲಿದ್ದವರೆಲ್ಲ ಕೇಳುವಂತೆ ಹೇಳಿದ್ದು ಇಷ್ಟು: "ಮಿಷನ್ದು ತಪ್ಪಿಲ್ಲವಾ, ಈಕಿದೂ ತಪ್ಪಿಲ್ಲ. ಪೂಜಿ ಮಾಡಿ, ಬರೀಬಾರದ ಜಾಗಾದಾಗ ನಾ ಶ್ರೀ ಅಂತ ಬರದೆ. ಅದಕ್ಕ ನಿಂತಿತ್ತು. ನಿನಗ ಕೈ ಮುಗೀತೀನಿ, ಇಳಿ."

ಮುದುಕಿ ದನಿ ಬಂದ ಕಡೆ ಮುಖ ತಿರುಗಿಸಿದಳು. "ದೇವರ ಹೆಸರು ಬರದ್ರ ನಿಲ್ತದಾ? ಎಂಥಾ ಮಿಷನ್ ತಂದೀರಿ ಯಪ್ಪಾ ನೀವು!" ಬಸ್ಸೆಲ್ಲ ನಕ್ಕಿತು. ಅವಳು ಮಾತ್ರ ನಗದೆ, ಸೀಟಿನ ಕಂಬಿ ಹುಡುಕಿ ಎದ್ದು ನಿಂತಳು. ಅವರು ಕೈ ಕೊಟ್ಟರು. ಮಡಿಯಲ್ಲಿದ್ದಾಗ ನಮ್ಮ ನೆರಳು ಬಿದ್ದರೂ ಸರಿದು ನಿಲ್ಲುವ ಮನುಷ್ಯ, ಆಕೆಯ ಕೈ ಹಿಡಿದು ಮೆಟ್ಟಿಲಿಳಿಸಿ, ಸ್ಕೂಟಿಯ ಮೇಲೆ ಕೂಡಿಸುವ ತನಕ ಬಿಡಲಿಲ್ಲ. ನಾನು ಆಕೆಯನ್ನು ಕರೆದುಕೊಂಡು ಹೊರಟೆ. ಅವರು ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ಆಟೋ ಹುಡುಕುತ್ತ ನಿಂತದ್ದು ಸ್ಕೂಟಿಯ ಕನ್ನಡಿಯಲ್ಲಿ ಕಾಣಿಸಿತು. ಆಗ ನನ್ನ ಸಿಟ್ಟು ಇಳಿಯಿತು.

ಡಾಕ್ಟರು ಕೈಗವಸು ಬಿಚ್ಚಿರಲಿಲ್ಲ. ಪರದೆಯ ಮೇಲೆ ಆಕೆಯ ಫೋಟೋ ಬಂತು, ಯಾವ ಕಣ್ಣು ಎಂದು ಬಂತು, ಎಷ್ಟು ಪವರ್ ಎಂದು ಬಂತು. ಆಕೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಹೊರಗೆ ಕೂತೆ. ಎಂಜಿನ್ ಓಡುತ್ತಿತ್ತು, ನನಗೆ ಮಾಡಲು ಕೆಲಸವಿರಲಿಲ್ಲ, ಆದರೂ ಎದ್ದು ಎದ್ದು ಒಳಗೆ ಹೋಗಿ ಆ ಕಪ್ಪು ಕಿಟಕಿ ತೆರೆದೇ ಇದೆಯಾ ಎಂದು ನೋಡಿ ಬರುತ್ತಿದ್ದೆ.

ಸಂಜೆ ಎಲ್ಲ ಮುಗಿದ ಮೇಲೆ ಕಡತವನ್ನು ಮತ್ತೆ ತೆರೆದೆ. ಎಂಜಿನ್ನಿಗೆ 'ಇದು ನಿನಗಲ್ಲ, ಓದುವ ಮನುಷ್ಯರಿಗೆ' ಎಂದು ಹೇಳುವ ಒಂದು ಜೋಡಿ ಗುರುತು ಇದೆ. ಆ ಗುರುತುಗಳ ನಡುವೆ ಏನು ಬರೆದರೂ ಅದು ದಾಟಿಕೊಂಡು ಹೋಗುತ್ತದೆ. ಎರಡನೇ ಸಾಲಿನಲ್ಲಿ ಹಾಗೆ ಶ್ರೀ ಬರೆದು, ಎಂಜಿನ್ ನಿಲ್ಲಿಸಿ ಎಬ್ಬಿಸಿ ತೋರಿಸಿದೆ. ಎದ್ದಿತು.

ಕಾರ್ಯದರ್ಶಿಗಳು ಪರದೆಗೆ ಬಾಗಿ ನೋಡಿದರು. "ಎರಡನೇ ಸಾಲಿನಾಗ ಶ್ರೀನಾ?"

"ಹೂನ್ರಿ."

"ಮತ್ತ ಮೊದಲನೇ ಸಾಲು ಯಾರದು?"

"ಅದು ಎಂಜಿನ್ದು."

"ಇರ್ಲಿ ಬಿಡು. ಮಂದಿಗೆ ಕಣ್ಣು ಕಂಡ್ರ ಸಾಕು" ಅಂದರು. ಮನಸ್ಸಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ರಾತ್ರಿ ಅವರು ಉಣ್ಣಲಿಲ್ಲವೆಂದು ಆಮೇಲೆ ಅವರ ಮನೆಯಾಕೆ ನನಗೆ ಹೇಳಿದರು.

ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ನಾನು ಕೆಲಸ ಬಿಟ್ಟು ವಾರ್ಡಿಗೆ ಹೋದೆ. ಕಾರ್ಯದರ್ಶಿಗಳು ನನಗಿಂತ ಮೊದಲೇ ಬಂದು ನಿಂತಿದ್ದರು. ಹಾಸಿಗೆಯ ಕಬ್ಬಿಣದ ಕಂಬಿಯನ್ನು ಬಿಡುವುದು, ಹಿಡಿಯುವುದು ಮಾಡುತ್ತಿದ್ದರು. ನರ್ಸ್ ಮೆಲ್ಲಗೆ ಪಟ್ಟಿ ಬಿಚ್ಚಿ, ಒದ್ದೆ ಹತ್ತಿಯಿಂದ ಒರೆಸಿದಳು. ಮುದುಕಿ ಕಣ್ಣು ತೆರೆದಳು, ಮುಚ್ಚಿದಳು, ನೀರು ಸುರಿಯಿತು, ಮತ್ತೆ ತೆರೆದಳು. ನರ್ಸ್ ಬೆರಳೆತ್ತಿ ಎಷ್ಟು ಎಂದು ಕೇಳಿದಳು. ಮುದುಕಿಯ ಕಣ್ಣು ಬೆರಳನ್ನು ಬಿಟ್ಟು ಬೇರೆ ಕಡೆ ಹೊರಳಿತು. ಪವರ್ ತಪ್ಪಿತೇ? ಲೆಕ್ಕ ತಪ್ಪಿತೇ? ಅವಸರದಲ್ಲಿ ನಾನು ಬೇರೇನಾದರೂ ಕೆಡಿಸಿಟ್ಟೆನೇ?

"ಕಾಣ್ತದೇನವಾ?" ಎಂದು ಕಾರ್ಯದರ್ಶಿಗಳು ಆಕೆಯ ಮುಖದ ಹತ್ತಿರ ಬಾಗಿದರು.

ಅವಳು ಅವರನ್ನೇ ನೋಡಿದಳು. ಕೌದಿಯ ಮೇಲೆ ಬೊಟ್ಟಾಡಿಸುವ ಆ ಕೈಯನ್ನು ಎತ್ತಿ, ಅವರ ಹಣೆಯ ನಡುವೆ ಬೆರಳಿಟ್ಟಳು.

"ಯಪ್ಪಾ, ನಿನ್ನ ಈ ಗೆರಿ ಸೊಟ್ಟ ಹೊಂಟದ."

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಅವರು ನಗಲೂ ಇಲ್ಲ, ಅಳಲೂ ಇಲ್ಲ, ನನ್ನ ಕಡೆ ತಿರುಗಿ "ಹೌದೇನವಾ?" ಎಂದು ಕೇಳಿದರು. ಇಷ್ಟು ವರ್ಷ ದಿನಾ ಕಂಡ ಹಣೆ ಅದು. ಮೊದಲ ಸಲ ಅದರ ಮೇಲಿನ ಗೆರೆಯನ್ನು ನೋಡಿದೆ. ಹೌದು, ಎಡಕ್ಕೆ ವಾಲಿ ಸೊಟ್ಟಗೇ ಇತ್ತು.